ಕೆಂಪು ಗೆರೆ ಎಳೆದ ಹೆಸರು

"ಹೊಸ ಮನೆ ತಗೊಳ್ಳಲ್ಲ ಅಂತ ಎಷ್ಟು ಸಲ ಹೇಳ್ಬೇಕಮ್ಮಾ?" ಕೌಂಟರಿನ ಹೆಂಗಸು ಸಿಡುಕಿದಳು.

"ನಾನೇನು ಮನೆ ಮಾರೋಕೆ ಬಂದಿದೀನಾ? ಅಪ್ಪನಿಗೆ ಡಾಕ್ಟರ್ ಬೇಕು, ಅಷ್ಟೇ!"

ಬೆಂಚುಗಳ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವಳ ಕಿವಿ ಬಿಸಿಯಾಯಿತು. ಆದರೂ ಕೌಂಟರಿನ ಮೇಲಿಂದ ಕೈ ತೆಗೆಯಲಿಲ್ಲ.

ಆ ಪುಟ್ಟ ಊರಿಗೆ ಅಪ್ಪ, ಮಗಳು ಬಂದು ಇನ್ನೂ ಒಂಬತ್ತು ದಿನ. ಕಿಟಕಿಗೆ, ಕನ್ನಡಿಗೆ ಗಾಜು ಕತ್ತರಿಸಿ ಕೂರಿಸುವ ಅಂಗಡಿ ಅವಳದು. ಅಪ್ಪನದು ಹಳೆಯ ಉಬ್ಬಸ. ಊರಿಗೆಲ್ಲ ಇದ್ದದ್ದು ಇದೊಂದೇ ಕ್ಲಿನಿಕ್ಕು. ಇಲ್ಲಿ 'ಮನೆ' ಅಂದರೆ ಒಂದು ಫೈಲು. ರಟ್ಟಿನ ಮೇಲೆ ಆ ಮನೆಯವರ ಹೆಸರುಗಳು, ಒಂದರ ಕೆಳಗೊಂದು. ಕಪಾಟಿನಲ್ಲಿ ಬೆರಳು ತೂರಿಸಲೂ ಜಾಗವಿರಲಿಲ್ಲ.

ಒಳಬಾಗಿಲು ದಡಾರನೆ ತೆರೆಯಿತು.

"ಏನಿದು, ಸಂತೆನಾ?"

ಬಿಳಿ ಕೋಟು, ಕೆದರಿದ ಕೂದಲು, ಹರಳೆಣ್ಣೆ ಕುಡಿದಂಥ ಮುಖ. ಡಾಕ್ಟರಿಗೆ ವಯಸ್ಸು ಮೂವತ್ತೈದು ದಾಟಿರಲಿಲ್ಲ.

"ಸಂತೆಯಾಗಿದ್ರೆ ಚೌಕಾಸಿ ಮಾಡಿಯಾದ್ರೂ ಒಬ್ಬ ಡಾಕ್ಟರನ್ನ ತಗೊಂಡು ಹೋಗ್ತಿದ್ದೆ!"

"ಪಕ್ಕದ ಊರಲ್ಲಿ ದೊಡ್ಡಾಸ್ಪತ್ರೆ ಇದೆ. ಅಲ್ಲಿಗೆ ಹೋಗಿ."

"ಅಲ್ಲಿ ದಿನಕ್ಕೊಬ್ಬ ಡಾಕ್ಟರ್! ನಮ್ಮಮ್ಮ ಅಂಥ ಕಡೇನೇ ಐದು ಜನಕ್ಕೆ ಕಾಯಿಲೆ ಮೊದಲಿಂದ ಹೇಳಿ ಹೇಳಿ ಸುಸ್ತಾದ್ಲು. ಆರನೆಯವರಿಗೆ ಹೇಳೋಕೆ ಉಸಿರೇ ಇರ್ಲಿಲ್ಲ…" ಅವಳ ದನಿ ಒಡೆಯಿತು. "ನನಗೆ ಅಪ್ಪನ್ನ ಗೊತ್ತಿರೋ ಡಾಕ್ಟರ್ ಬೇಕು. ಒಬ್ಬರು. ಒಬ್ಬರೇ ಸಾಕು."

ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅಪ್ಪ ಕೆಮ್ಮಿದರು. ಡಾಕ್ಟರ್ ತಲೆ ಓರೆ ಮಾಡಿ ಆಲಿಸಿದ.

"ಆ ಕೆಮ್ಮು ಯಾರದು?"

"ಅಪ್ಪನದು."

"ಒಳಗೆ ಕರ್ಕೊಂಡು ಬನ್ನಿ. ಮತ್ತೆ ನೀವು ಸ್ವಲ್ಪ ಬಾಯಿ ಮುಚ್ಕೊಂಡ್ರೆ ಅವರ ಉಸಿರು ನನಗೆ ಕೇಳಿಸುತ್ತೆ."

ಛೀ! ಎಂಥ ಮನುಷ್ಯ! ಮುಖಕ್ಕೆ ಹೊಡೆದ ಹಾಗೆ ಮಾತು…

ಆದರೆ ಅರ್ಧ ಗಂಟೆಯಲ್ಲಿ ಫೈಲು ತಯಾರಾಯಿತು. ಕೌಂಟರಿನ ಹೆಂಗಸು ಎರಡು ಹೆಸರು ಬರೆದಳು. ಮೇಲೆ ಅಪ್ಪ, ಕೆಳಗೆ ಮಗಳು. ಊರಿಗೆಲ್ಲ ಚೀಟಿ ಕೊಡುವ ಆಕೆಯನ್ನು ಎಲ್ಲರೂ ಚೀಟಿ ಚಿಕ್ಕಮ್ಮ ಎನ್ನುತ್ತಿದ್ದರು.

ಅಂದಿನಿಂದ ಪ್ರತಿ ಮಂಗಳವಾರ ಜಗಳ.

"ಬಂದ್ರಪ್ಪ ಇನ್ಸ್‌ಪೆಕ್ಟರು," ಎನ್ನುವನು ಅವನು, ಅವಳ ಕೈಯಲ್ಲಿದ್ದ ನೋಟ್‌ಬುಕ್ ನೋಡಿ.

"ಹೋದ ವಾರ ಇನ್ಹೇಲರ್ ಎರಡು ಸಲ ಎಳ್ಕೊಳ್ಳಿ ಅಂದ್ರಿ. ಈ ವಾರ ನಾಲ್ಕು. ಯಾವುದು ಸರಿ?"

"ಎರಡೂ ಸರಿ. ಈ ವಾರ ಅವರ ಎದೆಯಲ್ಲಿ ಗಾಜಿನ ಧೂಳಿದೆ. ನಿಮ್ಮ ಗಾಜು ಉಜ್ಜೋ ಕಲ್ಲನ್ನ ಅವರ ಮಂಚದಿಂದ ದೂರ ಇಡಿ."

"ನನ್ನಿಂದಾನೇ ಅಪ್ಪನಿಗೆ ಹೀಗಾಯ್ತು ಅಂತೀರಾ?"

"ಕಲ್ಲು ದೂರ ಇಡಿ ಅಂದೆ. ಅಳಿ ಅನ್ಲಿಲ್ಲ."

ಅಪ್ಪ ಇಬ್ಬರನ್ನೂ ನೋಡಿ ನಗುವರು. "ನನ್ನ ಕಾಯಿಲೆಗಿಂತ ನಿಮ್ಮಿಬ್ಬರದೇ ದೊಡ್ಡ ಕಾಯಿಲೆ ಆಯ್ತಲ್ರೋ!"

ಅವಳು ಅವನಿಗೆ 'ಹರಳೆಣ್ಣೆ' ಎಂದು ಹೆಸರಿಟ್ಟಳು. ಕಹಿ, ಅಂಟು, ನುಂಗುವುದು ಕಷ್ಟ… ಆದರೆ ಅಪ್ಪನಿಗೆ ಮಾತ್ರ ಗುಣ ಕಾಣುತ್ತಿತ್ತು. ಈಗ ಮೆಟ್ಟಿಲು ಹತ್ತಿದರೂ ಅವರು ನಿಲ್ಲುತ್ತಿರಲಿಲ್ಲ. ಅದೇ ಅವಳಿಗೆ ಕೋಪ. ಪೂರ್ತಿಯಾಗಿ ದ್ವೇಷಿಸಲೂ ಬಿಡುವುದಿಲ್ಲವಲ್ಲ ಈ ಮನುಷ್ಯ!

ನಾಲ್ಕನೇ ತಿಂಗಳು ಕ್ಲಿನಿಕ್ಕಿನ ಕಿಟಕಿ ಗಾಜು ಒಡೆಯಿತು. ಅವಳೇ ಹೋಗಿ ಕೂರಿಸಿದಳು. ಹೊಸ ಗಾಜಿನ ಇನ್ನೊಂದು ತುದಿ ಅವನು ಹಿಡಿದಿದ್ದ. ನಡುವೆ ಗಾಜು, ಆಚೆ ಅವನ ಕಣ್ಣು. ಆ ದಿನ ಅವನು ಒಂದೂ ಕುಹಕ ಆಡಲಿಲ್ಲ.

"ಅಳತೆ ಸರಿಯಾಗಿದೆ," ಎಂದ, ಅಷ್ಟೇ.

ಅವಳಿಗೆ ಆ ಎರಡು ಪದ ಮೂರು ದಿನ ಕಿವಿಯಲ್ಲೇ ಉಳಿದವು. ಹುಚ್ಚಿ, ಅವನು ಹೇಳಿದ್ದು ಗಾಜಿಗೆ!

ಆಮೇಲೆ ಅವನು ಮತ್ತಷ್ಟು ಬಿಗಿಯಾದ. ಅವಳಿಗೆ ನೆಗಡಿಯಾಗಿ ಚೀಟಿ ಕೇಳಿದರೆ, "ನಿಮ್ಮನ್ನ ನಾನು ನೋಡಲ್ಲ. ದೊಡ್ಡಾಸ್ಪತ್ರೆಗೆ ಈಗ ಕಾಯಂ ಆಗಿ ಬಂದಿರೋ ಡಾಕ್ಟರಮ್ಮನ ಹತ್ರ ಹೋಗಿ," ಎಂದುಬಿಟ್ಟ.

*ನಾನೇನು ಮಾಡಿದೆ? ಅಷ್ಟು ಅಸಹ್ಯವಾದೆನಾ?*

ಏಳನೇ ತಿಂಗಳಿನ ಒಂದು ಮಧ್ಯಾಹ್ನ ಗಾಜು ಜಾರಿ ಅವಳ ಎಡ ಅಂಗೈ ಸೀಳಿತು. ಅಪ್ಪ ಗಾಬರಿಯಿಂದ ಅವಳನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಬಂದರು. ಡಾಕ್ಟರ್ ಓಡಿ ಬಂದು ಗಾಯ ಒತ್ತಿ ಹಿಡಿದ. ತೊಳೆದು ಬಿಗಿಯಾಗಿ ಪಟ್ಟಿ ಕಟ್ಟಿದ. ಅವನ ಬೆರಳು ನಡುಗುತ್ತಿದ್ದವು.

"ಎರಡು ಹೊಲಿಗೆ ಬೇಕು. ನಾನು ಹಾಕಲ್ಲ. ನಾಲ್ಕೂವರೆ ಬಸ್ಸಿಗೆ ಹೋಗಿ, ಡಾಕ್ಟರಮ್ಮನಿಗೆ ಫೋನ್ ಮಾಡಿದೀನಿ." ಅವಳ ಮುಖ ನೋಡದೆ ಒಳಗೆ ಹೋದ.

ಅವಳಿಗೆ ಅಂಗೈಗಿಂತ ಎದೆ ಉರಿಯಿತು.

ಧನುರ್ವಾಯುವಿನ ಇಂಜೆಕ್ಷನ್ ಹಿಂದೆ ಯಾವಾಗ ಆಗಿತ್ತೋ ನೋಡೋಣವೆಂದು ಚೀಟಿ ಚಿಕ್ಕಮ್ಮ, ಎಷ್ಟೋ ವಾರದಿಂದ ಡಾಕ್ಟರೇ ತೆಗೆದಿಡುತ್ತಿದ್ದ ಆ ಫೈಲು ಎಳೆದವಳು, ಬಾಯಿಗೆ ಕೈ ಅಡ್ಡ ಹಿಡಿದಳು.

"ಅಯ್ಯಯ್ಯೋ… ಇದ್ಯಾರಮ್ಮಾ ಹೀಗೆ ಮಾಡಿದ್ದು?"

ರಟ್ಟಿನ ಮೇಲೆ ಅಪ್ಪನ ಹೆಸರು. ಕೆಳಗೆ ಅವಳ ಹೆಸರು, ಅದರ ಮೇಲೆ ಉದ್ದಕ್ಕೂ ಕೆಂಪು ಗೆರೆ!

"ಏನಾಯ್ತು ಚಿಕ್ಕಮ್ಮಾ?"

"ಹಳೇ ಡಾಕ್ಟರ ಕಾಲದಿಂದ ನಮ್ಮಲ್ಲಿ ಕೆಂಪು ಗೆರೆ ಅಂದ್ರೆ… ಬಿಡ್ತು ಅನ್ನು… ತೀರಿಕೊಂಡವರು ಕಣೇ!"

ಅವಳು ಫೈಲು ಕಿತ್ತುಕೊಂಡು ಒಳಗೆ ನುಗ್ಗಿದಳು.

"ನಾನು ಬದುಕಿರೋದೂ ನಿಮಗೆ ಬೇಡವಾ?"

ಅವನು ಬೆಚ್ಚಿ ಎದ್ದ. "ಏನು?"

"ಕೆಂಪು ಗೆರೆ! ಸತ್ತವರಿಗೆ ಎಳೆಯೋ ಗೆರೆ! ನೆಗಡಿಗೆ ನೋಡಲ್ಲ, ಗಾಯಕ್ಕೆ ಹೊಲಿಯಲ್ಲ, ಕೊನೆಗೆ ಸಾಯಿಸಿಯೇ ಬಿಟ್ರಾ? ಈ ಫೈಲು ನಾನೇ ತಗೊಂಡು ಹೋಗ್ತೀನಿ. ಅಪ್ಪನಿಗೆ ಬೇರೆ ಡಾಕ್ಟರನ್ನ ಹುಡುಕ್ತೀನಿ!"

ಹೇಳಿದ ಮೇಲೆ ಅವಳು ಫೈಲನ್ನು ಎದೆಗೆ ಒತ್ತಿಕೊಂಡಳು. ಬೇರೆ ಡಾಕ್ಟರ್… ಮತ್ತೆ ಮೊದಲಿಂದ…

"ಸತ್ತವರಿಗಾ?" ಅವನ ಮುಖ ಬಿಳಿಚಿತು. "ಅಯ್ಯೋ… ನನಗೆ ಯಾರೂ ಹೇಳಿಲ್ಲ. ಮೇಜಿನ ಮೇಲೆ ಕೆಂಪು ಪೆನ್ನೇ ಇತ್ತು…"

"ಯಾವ ಪೆನ್ನಾದ್ರೇನು? ಹೆಸರು ಹೊಡೆದಿದ್ಯಾಕೆ?"

ಅವನು ಕಿಟಕಿಯತ್ತ ನೋಡಿದ. ಗಾಜಿನ ಮೂಲೆಯಲ್ಲಿ ಅವಳೇ ಮೇಣದ ಪೆನ್ಸಿಲಿನಲ್ಲಿ ಬರೆದಿದ್ದ ಅಳತೆ ಹಾಗೇ ಇತ್ತು. ಮೂರು ತಿಂಗಳಾದರೂ ಒರೆಸಿರಲಿಲ್ಲ.

"ಗಾಜು ಕೂರಿಸಿದ ಮಾರನೇ ದಿನ ಹೊಡೆದೆ. ನನ್ನ ಪೇಷಂಟಾಗಿರೋರ ಹತ್ರ ನಾನು ಕೇಳಬಾರದ ಒಂದು ಮಾತಿದೆ. ಅದನ್ನ ನಿಮ್ಮ ಹತ್ರ ಕೇಳಬೇಕು ಅನ್ನಿಸ್ತು. ಧೈರ್ಯ ಬರಲಿಲ್ಲ. ಬರೀ ಸಿಡುಕಿದೆ." ಪಟ್ಟಿ ಕಟ್ಟಿದ ಅವಳ ಕೈಯತ್ತ ನೋಡಿದ. "ಇವತ್ತು ನಿಮ್ಮ ರಕ್ತ ನೋಡಿ ಕೈ ನಡುಗಿತು. ನಡುಗೋ ಕೈಯಲ್ಲಿ ಹೊಲಿಗೆ ಹಾಕಬಾರದು."

ಅವಳ ಕೋಪ ಎಲ್ಲೋ ಜಾರಿತು. ಆದರೆ ಹಳೆಯ ಭಯ ಹೋಗಲಿಲ್ಲ.

"ನಾನು… ಬೇಡ ಅಂದ್ರೆ? ಅಪ್ಪನ ಹೆಸರೂ ಹೊಡೀತೀರಾ?"

"ಮೇಲಿನ ಸಾಲು ಯಾವತ್ತೂ ಹೊಡೆಯಲ್ಲ." ಅವನು ಮೇಜಿನ ಡ್ರಾಯರಿನಿಂದ ದಪ್ಪ ಲಕೋಟೆಯೊಂದನ್ನು ತೆಗೆದ. "ಆದ್ರೆ ನಿಮಗೇ ನನ್ನ ಮುಖ ನೋಡೋಕೆ ಬೇಜಾರಾದ್ರೆ ಅಂತ… ಡಾಕ್ಟರಮ್ಮನಿಗೆ ಬರೆದಿಟ್ಟಿದೀನಿ. ಯಾವ ಔಷಧಿ ಆಗಿಬರಲ್ಲ, ಯಾವ ಕೆಮ್ಮು ಸುಮ್ನೆ ಕೆಮ್ಮು, ಯಾವುದಕ್ಕೆ ಹೆದರಬೇಕು… ಎಲ್ಲಾ. ನಿಮ್ಮಪ್ಪ ಇನ್ನು ಯಾರಿಗೂ ಮೊದಲಿಂದ ಹೇಳಬಾರದು."

ಹದಿನಾಲ್ಕು ಹಾಳೆ. ಒಂದೊಂದು ಅಕ್ಷರವೂ ಅವನ ಕೈಯದೇ.

ಅವಳು ಮೊದಲ ಹಾಳೆ ಓದಲು ನೋಡಿದಳು. ಅಕ್ಷರಗಳು ಕಲಸಿಹೋದವು. ಅಮ್ಮನಿಗೆ ಇಂಥದ್ದೊಂದು ಹಾಳೆ ಇದ್ದಿದ್ದರೆ…

ಹೊರಗಿನಿಂದ ಅಪ್ಪನ ದನಿ. "ಜಗಳ ಮುಗೀತಾ? ಬಸ್ ಹೋಗುತ್ತೆ!"

ಅವಳು ಕಣ್ಣೊರೆಸಿಕೊಂಡು ಲಕೋಟೆಯನ್ನು ಡ್ರಾಯರಿನಲ್ಲೇ ವಾಪಸ್ ಇಟ್ಟಳು.

"ಇದು ಇಲ್ಲೇ ಇರಲಿ. ನನಗೆ ನಿಮ್ಮ ಮುಖ ನೋಡೋಕೆ ಬೇಜಾರಿಲ್ಲ, ಹರಳೆಣ್ಣೆ."

"ಹರಳೆಣ್ಣೆನಾ?"

"ಏಳು ತಿಂಗಳಿಂದ ನಿಮ್ಮ ಹೆಸರು ಅದೇ."

ಅವನು ನಕ್ಕ. ಆ ಮುಖಕ್ಕೆ ನಗು ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ!

"ಹಾಗಾದ್ರೆ… ಆ ಗೆರೆ ಅಳಿಸಲಾ?"

"ಬೇಡ. ನಾನು ನಿಮ್ಮ ಪೇಷಂಟಲ್ಲ." ಅವಳ ಕೆನ್ನೆ ಕೆಂಪಾಯಿತು. "ಆದ್ರೆ ಹುಡುಗಿ ಬದುಕಿದಾಳೆ ಅಂತ ಚಿಕ್ಕಮ್ಮನಿಗೆ ನೀವೇ ಹೇಳಿ. ಆಮೇಲೆ… ಬಸ್ಸಿಗೆ ಜೊತೆಗೆ ಬರ್ತೀರಾ?"

"ಡಾಕ್ಟರಾಗಿ ಬರಲ್ಲ."

"ಮತ್ತೆ?"

"ಸೂಜಿ ಚುಚ್ಚುವಾಗ ಹಿಡ್ಕೊಳ್ಳೋಕೆ ಒಂದು ಕೈ ಬೇಕಲ್ವಾ?"

ಅವಳು ಬಲಗೈ ಚಾಚಿದಳು.

"ಇದಕ್ಕೇನೂ ಆಗಿಲ್ಲ. ಈಗಲೇ ಹಿಡ್ಕೊಳ್ಳಿ."