ಒಂದು ಲೋಟ ಸೀಗಡಿ ನೀರು

ಬೆಳಿಗ್ಗೆ ಹಲ್ಲುಜ್ಜಿದೊಡನೆ ಇಂಚರ ಒಂದು ಲೋಟ ಸೀಗಡಿ ನೀರು ಕುಡಿಯಬೇಕು. ಧಾರವಾಡದ ‘ಕೆರೆಯಂಗಳ’ ಅಪಾರ್ಟ್‌ಮೆಂಟಿನ ನೆಲಮಹಡಿಯ ಮನೆಯಲ್ಲಿ, ಟೀವಿ ಇರಬೇಕಾದ ಜಾಗದಲ್ಲಿ, ಗಾಜಿನ ತೊಟ್ಟಿಯೊಂದಿತ್ತು. ಅದರ ಪಾಚಿಯ ಮೇಲೆ ಕೆಂಪು ಸೀಗಡಿಗಳು ದಿನವಿಡೀ ಮೇಯುತ್ತಿದ್ದವು. ಪಕ್ಕದ ನಲ್ಲಿ ತಿರುಗಿಸಿದರೆ ತೊಟ್ಟಿಯ ನೀರು ಸೋಸಿಕೊಂಡು ಲೋಟಕ್ಕೆ ಬೀಳುತ್ತಿತ್ತು.

ಏಳು ವರ್ಷದ ಇಂಚರಳ ಮೈಯಲ್ಲಿ ಪ್ರೋಟೀನನ್ನು, ಅಂದರೆ ಬೇಳೆ-ಹಾಲಿನ ಸತ್ವವನ್ನು, ಅರಗಿಸುವ ಒಂದು ಕಿಣ್ವ ಹುಟ್ಟಿನಿಂದಲೇ ಇರಲಿಲ್ಲ. ಅದಿಲ್ಲದಿದ್ದರೆ ತಿಂದದ್ದೇ ವಿಷವಾಗಿ ಮೆದುಳಿಗೇರುತ್ತದೆ. ಬಾಟಲಿಗೆ ತುಂಬಿಟ್ಟರೆ ಆ ಕಿಣ್ವ ಕೆಟ್ಟುಹೋಗುತ್ತದೆ. ಯಾವುದಾದರೂ ಜೀವ ಅದನ್ನು ಆಗಿಂದಾಗ್ಗೆ ಮಾಡಿಕೊಡಬೇಕು. ಡಾಕ್ಟರ್ ನಜ್ಮಾ ನದಾಫ್ ಎಂಬ ವಿಜ್ಞಾನಿ ಸೀಗಡಿಯ ವಂಶವಾಹಿಯನ್ನು ತಿದ್ದಿ, ಅದರ ಕಿವಿರುಗಳಿಂದ ಈ ಕಿಣ್ವ ನೀರಿಗೆ ಒಸರುವಂತೆ ಮಾಡಿದ್ದರು. ಎರಡು ಸಾವಿರದ ಐವತ್ತೆಂಟನೇ ಇಸವಿಯಲ್ಲಿ ಇಂಥ ಮಕ್ಕಳಿರುವ ಮನೆಗಳಿಗೆ ಔಷಧದಂಗಡಿ ಎಂದರೆ ಈ ತೊಟ್ಟಿಯೇ.

ಆ ಸೋಮವಾರ ಇಂಚರಳ ತಾಯಿ ಶ್ರಾವ್ಯಾ ನೀರು ಹಿಡಿಯಲು ಹೋದರೆ, ಸೀಗಡಿಗಳೆಲ್ಲ ಅಂಗಾತ ಬಿದ್ದಿದ್ದವು. ನೀರು ಬದಲಿಸಿದಳು, ಪಂಪು ತೊಳೆದಳು, ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಸತ್ತ ಸೀಗಡಿಗೆ ಯಾವ ಹರಕೆ ನಾಟುತ್ತದೆ? ಬುಧವಾರದ ಹೊತ್ತಿಗೆ ಇಂಚರಳ ಕೈಯಲ್ಲಿ ಚಮಚ ನಿಲ್ಲದಾಯಿತು. ಎದುರಿಗೆ ಕುಳಿತ ಅಮ್ಮನನ್ನು ತೋರಿಸಿ, “ಇವರ್ಯಾರು?” ಎಂದು ಅಜ್ಜಿಯನ್ನು ಕೇಳಿದಳು.

ತೊಟ್ಟಿ ಕೊಟ್ಟಿದ್ದ ಸಂಶೋಧನಾ ಕೇಂದ್ರಕ್ಕೆ ಫೋನು ಹೋದದ್ದೇ ತಡ, ನಜ್ಮಾ ತಾವೇ ಬಂದರು. ತೊಟ್ಟಿಯ ನೀರಿಗೆ ಕಾಗದದ ಪಟ್ಟಿ ಅದ್ದಿದರು. ಪಟ್ಟಿಯ ಬಣ್ಣ ಬದಲಾಯಿತು.

“ತಾಮ್ರ,” ಅಂದರು. “ಈ ನೀರಾಗ ತಾಮ್ರ ಹೆಂಗ ಬಂತ್ರೀ?”

ಶ್ರಾವ್ಯಾ ಅಡುಗೆಮನೆಯತ್ತ ತಿರುಗಿದಳು. “ಅತ್ತೀ, ತೊಟ್ಟಿಗೆ ಏನರ ಹಾಕೀರೇನು?”

ಶಕುಂತಲಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. “ಹಾಕೋದೇನವಾ? ಶ್ರಾವಣ ಹತ್ತಿದಾಗಿಂದ ಇವತ್ತಿನ ತನಕ ದಿನಾ ಒಂದು ತಂಬಿಗಿ ತಾಮ್ರದ ಕೊಡದ ನೀರು, ಅಷ್ಟಽ. ಹುಳಾ ಹರದಾಡಿದ ನೀರು ಕೂಸು ಕುಡಿತದ, ಒಂದಿಷ್ಟು ಶುದ್ಧ ಆಗ್ಲಿ ಅಂತ.”

ತೊಟ್ಟಿಗೆ ತಾಮ್ರ ತಾಗಿಸಬಾರದೆಂದು ಕೇಂದ್ರದವರು ಮೊದಲ ದಿನವೇ ಹೇಳಿದ್ದರು. ಅದನ್ನು ಅತ್ತೆಗೂ ಹೇಳಬೇಕೆಂದು ಶ್ರಾವ್ಯಾಳಿಗೆ ಹೊಳೆದಿರಲಿಲ್ಲ. ನಮಗೆ ಒಳ್ಳೆಯದೆಂದು ನಾವು ಕುಡಿಯುವ ನೀರು ಸೀಗಡಿಯ ಕಿವಿರಿಗೆ ವಿಷ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು, ಆದರೆ ಆ ಮನೆಯಲ್ಲಿ ನಗುವವರು ಯಾರೂ ಇರಲಿಲ್ಲ. ಶಕುಂತಲಮ್ಮ ಗೋಡೆ ಹಿಡಿದು ಅಲ್ಲೇ ಕುಸಿದು ಕುಳಿತರು.

“ಬ್ಯಾರೆ ಸೀಗಡಿ ಕೊಡ್ರಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ,” ಅಂದಳು ಶ್ರಾವ್ಯಾ.

ನಜ್ಮಾ ತಲೆಯೆತ್ತಲಿಲ್ಲ. “ಎಲ್ಲಿಂದ ಕೊಡ್ಲಿ? ನಾವು ಬೆಳಸಿದ್ದೆಲ್ಲಾ ಒಂದಽ ತಾಯಿ ಸಂತಾನ. ಹೋದ ತಿಂಗಳು ಒಂದು ರೋಗ ಬಂತು, ಕೇಂದ್ರದ ತೊಟ್ಟಿ ಎಲ್ಲಾ ಖಾಲಿ.”

“ಹಂಗಾದ್ರ ಹೊಸಾದು ಮಾಡ್ರಿ!”

“ಮಾಡಾಕ ಗಟ್ಟಿ ತಳಿ ಬೇಕಲ್ಲ. ಈ ಭಾಗದ ಕೆರಿಯಾಗ ಒಂದು ಸೀಗಡಿ ಇತ್ತಂತ, ಎಂಥಾ ರೋಗಕ್ಕೂ ಜಗ್ಗದ್ದು. ಅದು ಸಿಕ್ಕಿದ್ರ ವಾರದಾಗ ಔಷಧ ಒಸರೋ ಹಂಗ ಮಾಡೋ ವಿದ್ಯಾ ಈಗ ನನ್ನ ಕೈಯಾಗ ಐತಿ. ಸೀಗಡಿನಽ ಇಲ್ಲ. ವರ್ಷಗಟ್ಟಲೆ ಹುಡುಕೀನಿ.”

“ಬೂದಿ ಬಣ್ಣದ್ದೇನ್ರಿ?” ಕುಳಿತಲ್ಲಿಂದಲೇ ಶಕುಂತಲಮ್ಮ ಕೇಳಿದರು. “ಬೆನ್ನ ಮ್ಯಾಲೆ ಬಿಳೀ ಗೆರಿ?”

ನಜ್ಮಾ ಸರ್ರನೆ ತಿರುಗಿದರು. “ಹೌದ್ರೀ ಅಮ್ಮಾ! ನೀವು ನೋಡೀರೇನು?”

“ಹಾಸಿಗಿ ಒಗ್ಯಾಕ ಕೆರಿಗೆ ಹೋದಾಗ ಕಾಲಿಗೆ ಮುತ್ತತಿದ್ವು. ಕಚಗುಳಿ ಇಟ್ಟಂಗ ಆಗ್ತಿತ್ತು.”

“ಯಾವ ಕೆರಿ? ಈಗಽ ಹೋಗೂಣು, ನಡೀರಿ!” ನಜ್ಮಾ ಕಾರಿನ ಕೀಲಿ ಕೈಗೆತ್ತಿಕೊಂಡರು. ಶ್ರಾವ್ಯಾ ಮಗಳನ್ನು ಹೆಗಲಿಗೇರಿಸಿಕೊಂಡು ಎದ್ದೇಬಿಟ್ಟಳು. ಮೂರು ದಿನದಲ್ಲಿ ಮೊದಲ ಬಾರಿ ಅವಳ ಜೀವಕ್ಕೆ ಜೀವ ಬಂದಿತ್ತು.

ಶಕುಂತಲಮ್ಮ ಮಾತ್ರ ಏಳಲಿಲ್ಲ. ಅಂಗೈಯಿಂದ ನೆಲದ ಟೈಲ್ಸನ್ನು ತಟ್ಟಿದರು.

“ಇದಽ ಕೆರಿ. ಎರಡು ಸಾವಿರದ ಇಪ್ಪತ್ತಾರರಾಗ ಮಣ್ಣು ಹಾಕಿ ಮುಚ್ಚಿದ್ರು. ಸೊಳ್ಳಿ ಕಾಟ ತಪ್ಪಿತು ಅಂತ ನಾವು ಓಣಿಗೆಲ್ಲಾ ಪೇಡೆ ಹಂಚಿದ್ವಿ.”

ನಜ್ಮಾ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟರು. ಹೆಗಲ ಮೇಲಿದ್ದ ಇಂಚರ ಸೀಗಡಿಯಿಲ್ಲದ ತೊಟ್ಟಿಯತ್ತ ಕೈಚಾಚಿ, “ನೀರು” ಅಂದಳು.