ಹಲ್ಲು ಮುರಿದ ಪಟ್ಟಿ

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಪಟ್ಟಾಭಿರಾಮ ಎಂಬ ಹಿರಿಯರು ತುಮಕೂರಿನ ಠಾಣೆಗೆ ಬಂದು, ಸದಾಶಿವನಗರದ ತಮ್ಮ ಮನೆಯಿಂದ ಕಬ್ಬಿಣದ ತುಂಡೊಂದು ಕಳುವಾಗಿದೆ ಎಂದು ದೂರು ಕೊಟ್ಟರು. ಇನ್‌ಸ್ಪೆಕ್ಟರ್ ಉದಯಕುಮಾರ್ ರಾತ್ರಿಯಿಡೀ ಬಂದೋಬಸ್ತ್ ಮುಗಿಸಿ ಬಂದು ಕೂತಿದ್ದ.

"ಕಬ್ಬಿಣಕ್ಕೂ ಎಫ್‌ಐಆರ್ ಬೇಕಾ ಸಾರ್?"

"ಬರೀ ಕಬ್ಬಿಣ ಅಲ್ಲ ಕಣ್ರೀ. ನೂರು ವರ್ಷದ ಬೆಟ್ಟದ ರೈಲಿನ ಹಲ್ಲುಪಟ್ಟಿ. ನಾನಲ್ಲಿ ಇಂಜಿನಿಯರ್ ಆಗಿದ್ದೆ."

ಹಳಿಗಳ ನಡುವಿನ ಅಂಥ ಪಟ್ಟಿಯನ್ನು ಇಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡೇ ಆ ರೈಲು ಬೆಟ್ಟ ಹತ್ತುವುದು. ಎಫ್‌ಐಆರ್ ಆಯಿತು.

ಮಧ್ಯಾಹ್ನ ಪಂಚನಾಮೆ. ಭಾನುವಾರ ಮನೆಯವರು ಕುಣಿಗಲ್‌ಗೆ ಮದುವೆಗೆ ಹೋಗಿದ್ದಾಗ, ಮೀಟರ್ ಬಾಕ್ಸಿನಲ್ಲಿಟ್ಟಿದ್ದ ಕೀಲಿಕೈಯಿಂದ ಯಾರೋ ಬಾಗಿಲು ತೆಗೆದಿದ್ದರು. ಬೆಳ್ಳಿ ಸಾಮಾನು ಇದ್ದಲ್ಲೇ ಇತ್ತು. ಹೊಸ್ತಿಲಾಚೆ ಒಂದು ಜೊತೆ ಟೈರಿನ ಚಪ್ಪಲಿ ಇತ್ತು, ಮನೆಯವರದ್ದಲ್ಲ.

"ಕದಿಯಕ್ಕೆ ಬಂದೋನೂ ಚಪ್ಲಿ ಬಿಟ್ಟು ಒಳಗೋಗವ್ನೆ ಸಾರ್!" ಕಾನ್‌ಸ್ಟೇಬಲ್ ಬೀರಯ್ಯ ನಕ್ಕ. "ಹೋಗ್ತಾ ಗಾಬ್ರೀಲಿ ಮರ್ತವ್ನೆ. ಇಂಥ ಟೈರ್ ಚಪ್ಲಿ ಈಗ್ಲೂ ಹೊಲಿಯೋನು ಗುಬ್ಬಿ ದಾಸಯ್ಯ ಒಬ್ನೇ."

ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ದಾಸಯ್ಯ ಚಪ್ಪಲಿ ತಿರುಗಿಸಿ ನೋಡಿದ. "ಹಾಗಲವಾಡಿ ವೆಂಕಟರಂಗಯ್ನೋರ್ದು. ಬೆಟ್ಟದ ರೈಲಲ್ಲಿ ಬ್ರೇಕ್ ಹಾಕೋ ಕೆಲ್ಸದಲ್ಲಿದ್ರು."

ಹಾಗಲವಾಡಿ ಮನೆಗೆ ಬೀಗ. ಹೆಬ್ಬೂರಿಗೆ, ತಂಗಿ ಮನೆಗೆ ಹೋಗಿದ್ದಾರೆ ಎಂದರು ಪಕ್ಕದವರು. ಥೂ, ಇದೆಂಥ ಅಲೆದಾಟ! ಉದಯಕುಮಾರ್‌ಗೆ ಸೊಂಟ ಬಿದ್ದುಹೋಗಿತ್ತು.

ಹೆಬ್ಬೂರಲ್ಲಿ ತಂಗಿ ಹನುಮಕ್ಕ ಮುದ್ದೆ ಬಡಿಸುತ್ತಿದ್ದಳು, ವೆಂಕಟರಂಗಯ್ಯ ತಟ್ಟೆ ಮುಂದೆ ಕೂತಿದ್ದ. ಪಟ್ಟಿ ನಡುಮನೆಯಲ್ಲೇ ಇತ್ತು.

"ನೀವೇ ತಂದ್ರಾ?"

"ಹೂಂ ಸಾಮಿ."

"ಯಾಕೆ?"

"ರೈಲು ಜಾರಿ ಇವ್ಳ ಗಂಡ ಸತ್ತ. ನಾನು ಬ್ರೇಕ್ ಹಾಕ್ನಿಲ್ಲ ಅಂತ ಆ ಇಂಜಿನಿಯರು ರಿಪೋರ್ಟ್ ಕೊಟ್ರು. ಹಾಕಿದ್ದೆ ಸಾಮಿ. ಮುರಿದ ಹಲ್ಲಿಗೆ ಬೆಸುಗೆ ಹಾಕ್ಸಿ ರೈಲು ಓಡ್ಸಿದ್ರು, ಅದೇ ಕಿತ್ತೋಯ್ತು. ಮೊನ್ನೆ ಅವ್ರೇ ಇದ್ನ ಹಿಡ್ಕಂಡು ಮೊಬೈಲ್ ವಿಡಿಯೋದಲ್ಲಿ ಬಂದವ್ರೆ."

ಉದಯಕುಮಾರ್ ಪಟ್ಟಿಯ ಮೇಲೆ ಬೆರಳಾಡಿಸಿದ. ಒಂದು ಹಲ್ಲಿರಲಿಲ್ಲ, ಬೆಸುಗೆಯ ಗಂಟು ಕೈಗೆ ಸಿಕ್ಕಿತು. ಪಟ್ಟಾಭಿರಾಮರಿಗೆ ಫೋನ್ ಮಾಡಿದ.

"ಪಟ್ಟಿ ಸಿಕ್ತು ಸಾರ್. ಬೆಸುಗೆ ಯಾರು ಹಾಕ್ಸಿದ್ದು?"

"ಕಂಪ್ಲೇಂಟ್ ವಾಪಸ್ ತಗೋತೀನಿ."

"ಎಫ್‌ಐಆರ್ ಆಗಿದೆ. ಇನ್ನು ಪಟ್ಟಿ ಕೋರ್ಟಿಗೇ ಹೋಗೋದು."

ಹನುಮಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಗಂಡ ಸತ್ತಾಗ್ನಿಂದ ಅಣ್ಣನ ಮಕ ನೋಡ್ನಿಲ್ಲ ಸಾಮಿ ನಾನು, ಪಾಪಿ. ಉಣ್ಲಿ ಬುಡಿ."

ಪೊಲೀಸರು ಜಗಲಿಯ ಮೇಲೆ ಕಾದರು. ಊಟವಾದ ಮೇಲೆ ಬಂಧನವಾಯಿತು. ವರದಿಯಲ್ಲಿ ಕಳವಿನ ಉದ್ದೇಶ ಎಂಬಲ್ಲಿ ಉದಯಕುಮಾರ್ ಸ್ವಲ್ಪ ಯೋಚಿಸಿ ಬರೆದ: ತಂಗಿಗೆ ತೋರಿಸಲು.