ಪರದೆಯ ಹಿಂದಿನ ಬೇಸ್ ಗಿಟಾರ್

ಪರದೆಯ ಹಿಂದೆ ಕೂತು ಬೇಸ್ ಗಿಟಾರ್ ನುಡಿಸುತ್ತಿದ್ದವಳು ಚಂದ್ರಮತಿ. ವೇದಿಕೆಯ ಮೇಲೆ ನಿಂತು ಚಪ್ಪಾಳೆ ಪಡೆಯುತ್ತಿದ್ದವನು ಅವಳ ಕಾಕಾನ ಮಗ ನೇಮಿನಾಥ. ಅವನ ಕೊರಳಲ್ಲಿದ್ದ ಗಿಟಾರಿಗೆ ವಾಯರೇ ಇರಲಿಲ್ಲ.

ಎಂಬತ್ತೆಂಟನೆಯ ಇಸವಿಯ ಮದುವೆ ಹಂಗಾಮು. ನಿಪ್ಪಾಣಿಯ ಧನಪಾಲ ಕಾಕಾನ ಆರ್ಕೆಸ್ಟ್ರಾ ನಡೆಯುತ್ತಿದ್ದದ್ದೇ ಹೀಗೆ. "ಮನಿ ಹುಡಿಗಿ ಮಂದಿ ಮುಂದ ನಿಂದ್ರಬಾರ್ದು" ಎಂದಿದ್ದ ಕಾಕಾ. ತಂದೆಯಿಲ್ಲದ ಚಂದ್ರಮತಿ ಅವನ ಮನೆಯ ಅನ್ನ ಉಂಡವಳು. ಏನಂತ ಎದುರಾಡುವುದು?

ಆ ಸಂಜೆ ಉಗಾರ ಬುದ್ರುಕದ ಮದುವೆ. ಕಾರ್ಯಕ್ರಮಕ್ಕೆ ಮುಂಚೆ ಕಾಕಾ ಪರದೆಯ ಹಿಂದೆ ಬಂದು ಗುಡುಗಿದ.

"ಇವತ್ತೂ ತಂತಿ ಝರ್ ಅಂತು ಅಂದ್ರ ಇದ ಕಡೀದು. ನಾಳಿಂದ ಅಡಗಿಮನ್ಯಾಗ ಬೀಳ!"

ಅವನು ಹೋದ. ಅವಳ ಸಿಟ್ಟೆಲ್ಲ ಪಕ್ಕದಲ್ಲಿ ಸೌಂಡ್ ನೋಡಿಕೊಳ್ಳುವ ಮಾಯಪ್ಪನ ಮೇಲೆ ತಿರುಗಿತು.

"ಚಾಡಿ ಹೇಳಿದಾಂವ ನೀನ ಅಲ್ಲ? ದರ ಸಲ ನನ್ನ ಆವಾಜ ಇಳಸ್ತಿ! ನಂದು ನನಗ ಕೇಳ್ಸೂದಿಲ್ಲ, ಅದಕ್ಕ ಇನ್ನೂ ಜೋರ ಹೊಡೀತೇನಿ..."

ಚಿಂಚಲಿಯ ಕುರುಬರ ಹುಡುಗ ಮಾಯಪ್ಪ ತಲೆ ತಗ್ಗಿಸಿದ.

"ಆ ಝರ್ ಕಾಕಾರ ಕಿವೀಗಿ ಬೀಳಬಾರ್ದಂತ ಇಳಸ್ತಿದ್ನಿರಿ. ನಿಮ್ಮನ್ನ ಬಿಡಿಸಿದ್ರ... ನಾ ಯಾರ ಬಾಜೂಕ ಕೂಡ್ಲಿ?"

ಅಯ್ಯೋ! ಇವನು ಇಳಿಸಿದಷ್ಟೂ ನಾನು ಬಡಿದೆ. ಬಡಿದಷ್ಟೂ ತಂತಿ ಚೀರಿತು. ಚೀರಿದಷ್ಟೂ ಇವನು ಇಳಿಸಿದ!

"ಹುಚ್ಚ ಇದ್ದೀ ನೀ."

"ಹೌದ್ರಿ."

ಅವಳಿಗೆ ಸಿಟ್ಟಿನ ನಡುವೆಯೇ ನಗು ಬಂತು. "ಈಗ ಏರಿಸು. ನಾ ಹಗೂರ ಬಾರಸ್ತೇನಿ."

ಅವನು ಏರಿಸಿದ. ಅವಳು ಮೆಲ್ಲಗೆ ಮೀಟಿದಳು. ಆದರೂ ಒಂಚೂರು ಝರ್!

ಇಬ್ಬರೂ ಬಗ್ಗಿ ನೋಡಿದರು. ಮೀಟುವ ಬಿಲ್ಲೆ, ಅಂದರೆ ಪಿಕ್, ತಂತಿಯನ್ನು ಕೆಳಗೆ ಅಮುಕುತ್ತಿತ್ತು. ಅದುರುವ ತಂತಿ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗೆ ಬಡಿಯುತ್ತಿತ್ತು. ಅವಳು ಪಿಕ್ಕಿನ ತುದಿಯನ್ನಷ್ಟೇ ಹೊರಗೆ ಬಿಟ್ಟು ಅಡ್ಡಕ್ಕೆ ಸವರಿದಳು. ಎಡಗೈ ಬೆರಳನ್ನು ಪಟ್ಟಿಯ ಹತ್ತಿರಕ್ಕೆ ಸರಿಸಿ ಒತ್ತಿದಳು.

ಗುಂಯ್...

ಎಷ್ಟು ದುಂಡಗಿನ ನಾದ! ಮಾಯಪ್ಪನ ಕಣ್ಣು ತುಂಬಿದವು.

ಕಾರ್ಯಕ್ರಮ ಶುರುವಾಯಿತು. ಮೂರನೆಯ ಹಾಡು ಮುಗಿಯುವಷ್ಟರಲ್ಲಿ ವರನ ಗೆಳೆಯರು ಕೂಗಿದರು: "ಏ ಗಿಟಾರದಾವ! ಬಾಕಿ ಎಲ್ಲಾ ಬಂದ್, ನೀ ಒಬ್ಬನ ಬಾರ್ಸ!"

ನೇಮಿನಾಥ ನಗುತ್ತ ಕೈ ಮುಗಿದ. ಅವನ ಕೊರಳಿಗೆ ಹಾರ ಬಿತ್ತು.

ಚಂದ್ರಮತಿ ಪರದೆಯ ಸಂದಿಯಿಂದ ನೋಡಿದಳು. 'ಇಷ್ಟು ಚೆಂದ ನುಡಿಸಿದ್ದು ಇವನಿಗಾಗಿಯೇ?'

"ಮಾಯಪ್ಪ... ನಾ ಬಾರ್ಸದಿದ್ರ ನಿನ್ನ ಕೆಲಸಾನೂ ಹೋಗತೈತಿ."

"ಹೋಗ್ಲಿರಿ."

"ರಿ ಅನಬ್ಯಾಡ."

"ಹೋಗ್ಲಿ, ಚಂದ್ರಾ. ನೀ ಇದ್ರ ಸಾಕ ನನಗ."

"ನನಗೂ... ಆದ್ರ ಎಲ್ಲಿ ಹೋಗೂದು?"

"ಗೊತ್ತಿಲ್ಲ."

ಅವಳು ಅವನ ಕೈ ಹಿಡಿದಳು.

ಹೊರಗೆ ಉಳಿದ ವಾದ್ಯಗಳೆಲ್ಲ ನಿಂತು, ನೇಮಿನಾಥನ ಬೆರಳುಗಳಷ್ಟೇ ಆಡುತ್ತಿದ್ದವು. ಸದ್ದೇ ಇಲ್ಲ. ಕಾಕಾ ಪರದೆ ಸರಿಸಿ ನುಗ್ಗಿದ.

"ಬಾರ್ಸ ಬೇ! ಮಂದಿ ನಗಾಕತ್ತಾರ!"

ಅವಳು ತಂತಿಗಳ ಮೇಲೆ ಅಂಗೈ ಊರಿದಳು.

"ಬಾರ್ಸಂಗಿಲ್ರಿ, ಕಾಕಾ."